ಆಮೆಗೂ ಒಂದು ಬಿರುದು

ಚೀನಾದ ಹಳೆಯ ಕಾಲದ ತತ್ವಜ್ಞಾನಿ ಚುವಾಂಗ್‌ತ್ಸು ಪು ನದಿಯ ದಡದಲ್ಲಿ ಗಾಳ ಹಾಕಿಕೊಂಡು ಕೂತಿದ್ದ. ಚು ದೇಶದ ದೊರೆಯ ಕಡೆಯಿಂದ ಇಬ್ಬರು ಅಧಿಕಾರಿಗಳು ಬಂದರು. ರಾಜ್ಯಭಾರ ನೀವೇ ನೋಡಿಕೊಳ್ಳಬೇಕಂತೆ ಅಂದರು. ಈತ ತಿರುಗಿಯೂ ನೋಡಲಿಲ್ಲ. ಸತ್ತು ಮೂರು ಸಾವಿರ ವರ್ಷವಾದ ಆಮೆಯೊಂದನ್ನು ನಿಮ್ಮ ದೊರೆ ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದಾನಂತಲ್ಲ, ಆ ಆಮೆಗೆ ಯಾವುದು ಇಷ್ಟವಿತ್ತು? ಪೆಟ್ಟಿಗೆಯೋ, ಕೆಸರಲ್ಲಿ ಬಾಲ ಎಳೆದುಕೊಂಡು ಓಡಾಡೋದೋ? ಕೆಸರೇ ಅಂದರು ಬಂದವರು. ಹಾಗಾದ್ರೆ ಹೊರಡಿ, ನಾನೂ ಕೆಸರಲ್ಲೇ ಇರ್ತೀನಿ ಅಂದ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅರಮನೆಗಳು ಅಷ್ಟು ಸುಲಭಕ್ಕೆ ಬಿಡೋದಿಲ್ಲ. ಸಾವಿರ ವರ್ಷ ಕಳೆದ ಮೇಲೆ, 742ರಲ್ಲಿ, ತಾಂಗ್ ವಂಶದ ಚಕ್ರವರ್ತಿ ಶ್ವಾನ್‌ಜೊಂಗ್ ಆ ಆಮೆಯನ್ನು ಹಿಡಿದೇಬಿಟ್ಟ. ಚುವಾಂಗ್‌ತ್ಸುಗೆ ‘ನಾನ್‌ಹ್ವಾದ ಜೆನ್‌ರೆನ್’ ಅಂತ ಬಿರುದು ಬಂತು. ಜೆನ್‌ರೆನ್ ಅಂದರೆ ನಿಜವಾದ ಮನುಷ್ಯ. ಆ ಮಾತೂ ಅವನ ಪುಸ್ತಕದ್ದೇ. ಅಲ್ಲಿ ಬರುವ ನಿಜಮನುಷ್ಯ ಕನಸಿಲ್ಲದೆ ಮಲಗುತ್ತಾನೆ, ಚಿಂತೆಯಿಲ್ಲದೆ ಏಳುತ್ತಾನೆ, ಹಿಮ್ಮಡಿಯಿಂದ ಉಸಿರಾಡುತ್ತಾನೆ. ಯಾರದೇ ಮೊಹರಿಗೆ ಕಾಯುವ ಆಸಾಮಿಯಲ್ಲ. ಈಗ ನೋಡಿ, ಸದರಿ ವ್ಯಕ್ತಿಯು ನಿಜವಾಗಿಯೂ ನಿಜವಾಗಿರುತ್ತಾರೆ ಅಂತ ಸರ್ಕಾರಿ ದೃಢೀಕರಣ!

ಇದಕ್ಕೆ ನೆಂಟಸ್ತಿಕೆಯ ಕಾರಣವೂ ಇತ್ತು. ಚುವಾಂಗ್‌ತ್ಸು ಸೇರಿದ ದಾವೋ ಪಂಥಕ್ಕೆ ಮೂಲಪುರುಷ ಅನ್ನಿಸಿಕೊಂಡವನು ಲಾವೋತ್ಸು. ಅವನ ಮನೆತನದ ಹೆಸರು ಲಿ. ತಾಂಗ್ ದೊರೆಗಳದ್ದೂ ಲಿ. ಅಷ್ಟು ಸಾಕಲ್ವಾ, ಮುತ್ತಜ್ಜ ಅಂದುಬಿಟ್ಟರು. 666ರಲ್ಲೇ ಅವನಿಗೆ ಚಕ್ರವರ್ತಿ ಪದವಿ ಕೊಟ್ಟಾಗಿತ್ತು. ಊರ ಸಹವಾಸವೇ ಬೇಡ ಅಂತ ಗಡಿ ದಾಟಿ ಹೋದ ಅಂತ ಕಥೆಯಿರುವ ಮುದುಕನಿಗೆ ಕಿರೀಟ! ಕಾನೂನು ಕಟ್ಟಳೆ ಜಾಸ್ತಿಯಾದಷ್ಟೂ ಕಳ್ಳರು ಜಾಸ್ತಿಯಾಗುತ್ತಾರೆ ಅನ್ನುತ್ತದೆ ಅವನ ಪುಸ್ತಕ. ಆ ಪುಸ್ತಕ ಮನೆಮನೆಯಲ್ಲೂ ಇರಲೇಬೇಕು ಅಂತ 733ರಲ್ಲಿ ಹೊಸ ಕಟ್ಟಳೆ ಬಂತು. ಅದಕ್ಕೆ ಟೀಕೆಯನ್ನೂ ಚಕ್ರವರ್ತಿಯೇ ಬರೆದ. ದೊರೆ ಬರೆದ ಟೀಕೆಯನ್ನು ಟೀಕೆ ಮಾಡೋರು ಯಾರು?

741ರಲ್ಲಿ ಬಂದದ್ದು ಪರೀಕ್ಷೆ. ಲಾವೋತ್ಸು, ಚುವಾಂಗ್‌ತ್ಸು ಸೇರಿ ನಾಲ್ಕು ಪುಸ್ತಕ, ಪಾಸಾದರೆ ಸರ್ಕಾರಿ ಕೆಲಸದ ದಾರಿ. ಆ ಕಾಲದ ಶಾಸ್ತ್ರ ಪರೀಕ್ಷೆಗಳಲ್ಲಿ ಒಂದು ಪದ್ಧತಿಯಿತ್ತು. ಸಾಲಿನ ಕೆಲವು ಅಕ್ಷರಗಳ ಮೇಲೆ ಚೀಟಿ ಅಂಟಿಸೋದು, ಚೀಟಿಯ ಕೆಳಗೇನಿದೆ ಅಂತ ಹುಡುಗ ಹೇಳೋದು. ಮೀನು ಸಿಕ್ಕ ಮೇಲೆ ಬಲೆ ಮರೆತುಬಿಡು, ಅರ್ಥ ಸಿಕ್ಕ ಮೇಲೆ ಮಾತು ಮರೆತುಬಿಡು ಅನ್ನುತ್ತದೆ ಚುವಾಂಗ್‌ತ್ಸು ಪುಸ್ತಕ. ಆ ಸಾಲಿನ ಮೇಲೇ ಚೀಟಿ ಬಿತ್ತು ಅಂದುಕೊಳ್ಳಿ. ನಿಜವಾಗಿ ಅರ್ಥವಾದವನು ಮರೆತಿರುತ್ತಾನೆ. ಅವನು ಫೇಲು. ಪಕ್ಕದ ಹುಡುಗ ರಾತ್ರಿಯೆಲ್ಲಾ ದೀಪದ ಮುಂದೆ ತೂಕಡಿಸುತ್ತಾ ‘ಕೆಸರೇ ಮೇಲು, ಕೆಸರೇ ಮೇಲು’ ಅಂತ ಉರು ಹೊಡೆದಿದ್ದಾನೆ. ಪೆಟ್ಟಿಗೆಯಲ್ಲಿ ಜಾಗ ಗ್ಯಾರಂಟಿ.

ಇಷ್ಟೆಲ್ಲಾ ಮಾಡಿ ಚಕ್ರವರ್ತಿ ನೆಮ್ಮದಿಯಾಗಿದ್ದನಾ ಅಂದರೆ ಅದೂ ಇಲ್ಲ. 755ರಲ್ಲಿ ಸೇನಾಪತಿ ಆನ್ ಲುಶಾನ್ ದಂಗೆಯೆದ್ದ. ಮರುವರ್ಷ ಚಕ್ರವರ್ತಿ ರಾಜಧಾನಿ ಬಿಟ್ಟು ಓಡಿದ. ಮುತ್ತಜ್ಜನ ಹಾಗೆ ಗಡಿ ದಾಟಲಿಲ್ಲ ಅಷ್ಟೇ.

ಆಮೇಲೆ ಬಂದ ಸಾಂಗ್ ವಂಶದ ದೊರೆಗಳು ಇನ್ನೂ ಜಾಣರು. ಖರ್ಚಿಗೆ ದುಡ್ಡು ಸಾಲದಾದಾಗ ಸನ್ಯಾಸ ದೀಕ್ಷೆಯ ಪ್ರಮಾಣಪತ್ರಗಳನ್ನೇ ಮಾರಿದರು. ಹೆಸರು ತುಂಬದ ಖಾಲಿ ಪತ್ರಗಳು ನೋಟಿನ ಹಾಗೆ ಕೈಯಿಂದ ಕೈಗೆ ಓಡಾಡಿದವು. ಮಡಕೆ ಉಪಯೋಗಕ್ಕೆ ಬರೋದು ಅದರೊಳಗಿನ ಖಾಲಿ ಜಾಗದಿಂದ ಅನ್ನುತ್ತದಲ್ಲ ಲಾವೋತ್ಸು ಪುಸ್ತಕ, ಅದು ಬೊಕ್ಕಸದವರಿಗಂತೂ ಚೆನ್ನಾಗಿ ಅರ್ಥವಾಗಿತ್ತು.