ಉಪ್ಪು ಬೆಳೆಯದ ಊರಿನವರ ಉಪ್ಪು

ಡೆಹ್ರಾಡೂನಿನಲ್ಲಿ ಚಳಿಗಾಲದ ಮಧ್ಯಾಹ್ನ ಎಲ್ಲರೂ ತಾರಸಿ ಮೇಲೆ ಬಿಸಿಲು ಕಾಯುತ್ತಾರೆ. ಪಕ್ಕದ ಮನೆಯ ಅಜ್ಜಿ ಗಢವಾಲ ಬೆಟ್ಟಗಳ ಪೌಡಿ ಕಡೆಯವರು. ನಾವೆಲ್ಲ ಅವರನ್ನು ದಾದೀ ಎಂದೇ ಕರೆಯುತ್ತೇವೆ. ಒಂದು ದಿನ ಮೂಲಂಗಿ ಹೆಚ್ಚಿ, ಮೇಲೆ ಹಸಿರು ಉಪ್ಪು ಉದುರಿಸಿ ಕೊಟ್ಟರು. ಬಾಯಿಗಿಟ್ಟ ಕೂಡಲೇ ನಾಲಿಗೆ ಜುಮ್ಮೆಂದಿತು. ಬಂಗಡೆ ಸಾರಿಗೆ ಅವ್ವ ಹಾಕುವ ಜುಮ್ಮನಕಾಯಿಯ ರುಚಿ! ನಮ್ಮೂರು ಅಂಕೋಲೆಯಿಂದ ಇಷ್ಟು ದೂರದಲ್ಲಿ ಇದೆಲ್ಲಿಂದ ಬಂತು?

ಕೇಳಿದರೆ ದಾದೀ ಒಳಗಿಂದ ಡಬ್ಬಿ ತಂದು ತೋರಿಸಿದರು. ಅವರು ಅದನ್ನು ಟಿಮೂರು ಅನ್ನುತ್ತಾರೆ. ನಮ್ಮದಕ್ಕಿಂತ ಸಣ್ಣ ಕಾಯಿ. ಒಣಗಿ ಬಾಯಿಬಿಟ್ಟ ಸಿಪ್ಪೆ, ಒಳಗೆ ಹೊಳೆಯುವ ಕರಿ ಬೀಜ. ಬೀಜ ಬಿಸಾಕಿ ಸಿಪ್ಪೆ ಮಾತ್ರ ಬಳಸಬೇಕು, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತದೆ. ಅದೂ ನಮ್ಮಲ್ಲಿದ್ದಂತೆಯೇ. ಎರಡೂ ಒಂದೇ ಕುಲದ ಗಿಡಗಳು, ಒಂದು ಹಿಮಾಲಯದ್ದು, ಇನ್ನೊಂದು ನಮ್ಮ ಘಟ್ಟದ್ದು.

ಈ ಉಪ್ಪಿಗೆ ಗಢವಾಲಿಯಲ್ಲಿ ಪಿಸ್ಯೂಂ ಲೂಣ್, ಅಂದರೆ ಅರೆದ ಉಪ್ಪು, ಎಂದು ಹೆಸರು. ಒಂದು ಬಟ್ಟಲು ಕಲ್ಲುಪ್ಪಿಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಏಳೆಂಟು ಹಸಿಮೆಣಸು, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ. ಎಳೆ ಬೆಳ್ಳುಳ್ಳಿಯ ಹಸಿರೆಲೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಟಿಮೂರು ಸಿಪ್ಪೆ ಮನಸ್ಸಿಗೆ ಬಂದಷ್ಟು. ಎಲ್ಲವನ್ನೂ ಒಟ್ಟಿಗೆ ಸುರಿಯುವುದಿಲ್ಲ. ಮೊದಲು ಮೆಣಸು, ಬೆಳ್ಳುಳ್ಳಿ, ಜೀರಿಗೆಯ ಜೊತೆ ನಾಲ್ಕು ಹರಳು ಉಪ್ಪು ಮಾತ್ರ. ಆ ಹರಳುಗಳೇ ಕಲ್ಲಿನ ಮೇಲೆ ಅರೆಯುವ ಕೆಲಸ ಅರ್ಧ ಮಾಡುತ್ತವೆ. ಆಮೇಲೆ ಸೊಪ್ಪು, ಕೊನೆಗೆ ಉಳಿದ ಉಪ್ಪು. ಒಂದು ಹನಿ ನೀರೂ ಹಾಕಬಾರದು. ಸೊಪ್ಪಿನ ನೀರನ್ನು ಉಪ್ಪೇ ಎಳೆದುಕೊಂಡು ಹಸಿರಾಗುತ್ತದೆ. ತಟ್ಟೆಯಲ್ಲಿ ಹರವಿ ನೆರಳಲ್ಲಿ ಒಣಗಿಸಿದರೆ ಮುಗಿಯಿತು. ಕುಮಾವೂಂ ಕಡೆಯವರು ಹುರಿದ ಭಂಗಿ ಬೀಜವನ್ನೂ ಸೇರಿಸುತ್ತಾರೆ. ಅದರಲ್ಲಿ ಅಮಲೇನೂ ಇರುವುದಿಲ್ಲ, ಎಳ್ಳಿಗೆ ಹತ್ತಿರದ ಘಮ ಅಷ್ಟೇ.

ನನಗೆ ನಾಟಿದ್ದು ಉಪ್ಪಿಗೆ ಇವರು ಕೊಡುವ ಮರ್ಯಾದೆ. ನಮ್ಮಲ್ಲಿ ಉಪ್ಪು ಬಾಳೆಲೆಯ ತುದಿಗೆ ಬಂದು ಕೂರುತ್ತದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಇಲ್ಲಿ ರಾಗಿ ರೊಟ್ಟಿಗೆ ತುಪ್ಪ ಸವರಿ ಈ ಉಪ್ಪು ಉದುರಿಸಿದರೆ ಅದೇ ಊಟ. ದಾದೀ ಮಗಳು ದಿಲ್ಲಿಗೆ ಹೊರಟಾಗ ಚೀಲಕ್ಕೆ ಮೊದಲು ಸೇರುವುದೂ ಈ ಉಪ್ಪಿನ ಬಾಟಲಿಯೇ. ಟಿಹರಿ ಕಡೆಯ ಹೆಂಗಸರು ಇದನ್ನು ಅರೆದು ‘ನಮಕ್‌ವಾಲಿ’ ಹೆಸರಿನಲ್ಲಿ ಊರೂರಿಗೆ ಕಳಿಸುತ್ತಾರೆ.

ಈ ಬೆಟ್ಟದವರಿಗೆ ಉಪ್ಪು ಸುಲಭಕ್ಕೆ ಸಿಗುತ್ತಿರಲಿಲ್ಲ. ಗಡಿಯ ಮಾಣಾ, ನೀತಿ ಕಣಿವೆಗಳ ಭೋಟಿಯಾ ವ್ಯಾಪಾರಿಗಳು ಕುರಿ, ಮೇಕೆಗಳ ಬೆನ್ನಿಗೆ ಸಣ್ಣ ಚೀಲ ಕಟ್ಟಿ ಟಿಬೆಟ್ಟಿನಿಂದ ಹೊತ್ತು ತರುತ್ತಿದ್ದರು. 1962ರ ಚೀನಾ ಯುದ್ಧದೊಂದಿಗೆ ಆ ದಾರಿ ಮುಚ್ಚಿತು. ನಮಗೋ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಉಪ್ಪು ರಾಶಿ ಬಿದ್ದಿರುತ್ತದೆ. 1930ರ ಏಪ್ರಿಲ್‌ನಲ್ಲಿ ಉಪ್ಪಿಗಾಗಿಯೇ ಸತ್ಯಾಗ್ರಹ ಮಾಡಿದ ಊರು ಅಂಕೋಲೆ. ಆ ಉಪ್ಪನ್ನು ನಾವೀಗ ಮೀನು ಒಣಗಿಸಲು, ಮಿಡಿ ಹಾಕಲು, ತೆಂಗಿನ ಬುಡಕ್ಕೆ ಸುರಿಯಲು ಇಟ್ಟುಕೊಂಡಿದ್ದೇವೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನೋಡಿದೆ. ತಂಗಿಯ ಮಕ್ಕಳು ಮಾವಿನಕಾಯಿ ಹೋಳುಗಳಿಗೆ ಪೆರಿ ಪೆರಿ ಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು, ಅಂಗಡಿಯ ಪ್ಯಾಕೆಟ್ಟಿನದು. ಹಿತ್ತಲಲ್ಲಿ ಕರಿಬೇವು, ದೊಡ್ಡಪತ್ರೆ, ಸೂಜಿಮೆಣಸು ಎಲ್ಲ ಇವೆ. ಮಾಡಿನ ಅಡಿ ಒರಳುಕಲ್ಲೂ ಇದೆ. ತಂಗಿಯನ್ನು ಕೇಳಿದರೆ, “ಅರೆಯೋಕೆ ಯಾರಿಗೆ ಪುರುಸೊತ್ತಿದೆ ಅಣ್ಣಾ?” ಅಂದಳು. ನನಗೆ ಸಿಟ್ಟೇ ಬಂತು. ದಾದಿಗೂ ಮನೆಗೆಲಸ ಕಡಿಮೆಯೇನಿಲ್ಲ. ಮುಖ್ಯ ಅನಿಸಿದ್ದಕ್ಕೆ ಪುರುಸೊತ್ತು ಸಿಗುತ್ತದೆ, ಅಲ್ವಾ?

ಆದರೆ ಒಂದು ಮಾತು ಒಪ್ಪಲೇಬೇಕು. ನಮ್ಮ ಕರಾವಳಿಯ ಹವೆಗೆ ಹಸಿರು ಉಪ್ಪು ಮಳೆಗಾಲದಲ್ಲಿ ಎರಡು ದಿನವೂ ನಿಲ್ಲದು, ನೀರಾಗಿ ಬಿಡುತ್ತದೆ. ಅದಕ್ಕೇ ನಮ್ಮವರು ಸೊಪ್ಪನ್ನು ಅವತ್ತವತ್ತಿಗೆ ತಂಬುಳಿ, ಚಟ್ನಿ ಮಾಡಿದರು. ಘಟ್ಟದ ಮೇಲಿನವರ ಗುರೆಳ್ಳು ಪುಡಿ, ಶೇಂಗಾ ಪುಡಿಗಳಿಗೆ ಈ ಉಪ್ಪು ಸಾಟಿಯಲ್ಲ ಎಂದೂ ಅನಿಸುತ್ತದೆ. ಇಲ್ಲಿಯೂ ದಾದಿಯ ಮೊಮ್ಮಕ್ಕಳು ಪ್ಯಾಕೆಟ್ ಮಸಾಲೆಯನ್ನೇ ಕೇಳುತ್ತಾರೆ. ಹಿಮಾಲಯದ ತಪ್ಪಲಲ್ಲಿ ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವ ಗಳಗಂಡ ಜಾಸ್ತಿ ಇತ್ತು. ಹಾಗಾಗಿ ದಾದಿಯೂ ಅಡುಗೆಗೆ ಅಯೋಡಿನ್ ಉಪ್ಪನ್ನೇ ಹಾಕುತ್ತಾರೆ, ಕಲ್ಲುಪ್ಪು ನಂಚಿಕೊಳ್ಳಲು ಮಾತ್ರ.

ಹಾಗಂತ ನಮ್ಮಲ್ಲಿ ಆಗುವುದೇ ಇಲ್ಲ ಎಂದಲ್ಲ. ಜನವರಿ, ಫೆಬ್ರವರಿಯಲ್ಲಿ ನಮ್ಮ ಕಡೆಯೂ ಗಾಳಿ ಒಣಗಿರುತ್ತದೆ. ದೊಡ್ಡಪತ್ರೆ ಬೇಡ, ಅದರಲ್ಲಿ ನೀರು ಜಾಸ್ತಿ. ನೆರಳಲ್ಲಿ ಬಾಡಿಸಿದ ಕರಿಬೇವು, ಸೂಜಿಮೆಣಸು, ಬೆಳ್ಳುಳ್ಳಿ, ಬೀಜ ತೆಗೆದ ಜುಮ್ಮನಕಾಯಿ ಸಿಪ್ಪೆ, ಸಾಣಿಕಟ್ಟೆಯ ಹರಳುಪ್ಪು ಇಷ್ಟು ಸಾಕು. ಮಾವಿನಕಾಯಿ ಬರುವಷ್ಟರಲ್ಲಿ ಒಂದು ಬಾಟಲಿ ಮಾಡಿಡು ಎಂದು ತಂಗಿಗೆ ಫೋನಿನಲ್ಲಿ ಹೇಳಿದ್ದೇನೆ. ಜುಮ್ಮನಕಾಯಿ ಒಣಗಿಸಿದ್ದು ಅವ್ವನ ಹತ್ತಿರ ಇದೆಯಂತೆ.