ಸಮುದಾಯದ ಸಹಿಭಾಗಿತ್ವ

ನಲ್ಲಿ ಬಂತು, ನೀರು ಬರಲಿಲ್ಲ. ಈ ಸುದ್ದಿ ನಿಮಗೂ ಹಳತಾಗಿದೆ. ಅದರ ಕೊನೆಗೆ ಇಲಾಖೆ ಕೊಡುವ ಕಾರಣವೂ ಅಷ್ಟೇ ಹಳತು: ಸಮುದಾಯದ ಸಹಭಾಗಿತ್ವ ಸಾಲದು.

ಸಾಲದೇ? ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲಜೀವನ್ ಮಿಷನ್‌ನ 2019ರ ಮಾರ್ಗಸೂಚಿ ತೆರೆದು ನೋಡಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ 10ರಿಂದ 15 ಜನ, ಅರ್ಧದಷ್ಟು ಮಹಿಳೆಯರು. ಯೋಜನೆ ರೂಪಿಸುವವರೂ ನೀರಿನ ಕರ ನಿಗದಿಪಡಿಸುವವರೂ ಊರಿನವರೇ. ತಲೆಗೆ ದಿನಕ್ಕೆ 55 ಲೀಟರ್. ಓದುತ್ತಿದ್ದರೆ ಬಾಯಲ್ಲಿ ನೀರೂರುತ್ತದೆ. ಸದ್ಯಕ್ಕೆ ಊರುವ ನೀರು ಅದೊಂದೇ. 2024ರ ಗಡುವು ಮಾತ್ರ ಯಾವ ತಡೆಯೂ ಇಲ್ಲದೆ 2028ರವರೆಗೆ ಹರಿದಿದೆ.

ಭಾಗವಹಿಸುವ ಕ್ರಮ ಬಹಳ ಸರಳ. ಮೊದಲು ಪೈಪಿನ ಸುರುಳಿಗಳು ಬಂದು ಶಾಲೆಯ ಪಕ್ಕ ಬೀಳುತ್ತವೆ. ಆಮೇಲೆ ‘ನಿಮಗೇನು ಬೇಕು?’ ಎಂದು ಕೇಳುವ ಸಭೆ. ಅಂಥದೊಂದು ಸಭೆಯ ಠರಾವು ಪುಸ್ತಕ ನೋಡಿದ್ದೇನೆ. ನಡಾವಳಿಯ ಜಾಗ ಖಾಲಿ. ಕೆಳಗೆ ಏಳು ಸಹಿ, ಐದು ಹೆಬ್ಬೆಟ್ಟು. ಸದಸ್ಯೆಯರ ಸಹಿಗಳೆಲ್ಲ ಒಂದೇ ಕೈಬರಹದಲ್ಲಿದ್ದವು. ಎಂಥ ಒಗ್ಗಟ್ಟು!

ಆ ಪಟ್ಟಿಯಲ್ಲಿ ನೀರುಗಂಟಿಯ ಹೆಸರಿರಲಿಲ್ಲ. ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಕೇರಿಗೆ ನೀರು ಏರುತ್ತದೆ, ಯಾವ ಕೊಳವೆಬಾವಿ ಶಿವರಾತ್ರಿ ಕಳೆದ ಮೇಲೆ ಬರೀ ಗಾಳಿ ಉಗುಳುತ್ತದೆ, ಎಲ್ಲವೂ ಅವನ ತಲೆಯಲ್ಲಿದೆ. ಸರ್ವೆಗೆ ಬಂದ ಎಂಜಿನಿಯರ್ ಸಾಹೇಬರು ಅವನನ್ನೂ ಒಂದು ಪ್ರಶ್ನೆ ಕೇಳಿದರಂತೆ: ಇಲ್ಲಿ ಎಳನೀರು ಎಲ್ಲಿ ಸಿಗುತ್ತದೆ?

ಸಾಹೇಬರು ಹೊಸ ಟ್ಯಾಂಕ್ ಕಟ್ಟಿಸಿದ್ದು ಅದೇ ಗಾಳಿ ಉಗುಳುವ ಕೊಳವೆಬಾವಿಯನ್ನು ನಂಬಿ. ಮೋಟಾರು ಸುಟ್ಟ ದಿನ ಇಲಾಖೆಗೆ ಥಟ್ಟನೆ ಸಮುದಾಯದ ನೆನಪಾಯಿತು: ಹಸ್ತಾಂತರ ಆಗಿದೆ, ಇನ್ನು ನಿರ್ವಹಣೆ ನಿಮ್ಮದೇ. ಕಟ್ಟುವಾಗ ಲೆಕ್ಕಕ್ಕಿಲ್ಲದ ಊರು ಕೆಟ್ಟಾಗ ಯಜಮಾನ.

ತಮಾಷೆ ಸಾಕು. ಕೊಡ ಹೊತ್ತು ಸೊಂಟ ಬಿದ್ದುಹೋದ ಹೆಂಗಸಿನ ಮುಂದೆ ಹತ್ತು ನಿಮಿಷ ಕೂತು, ‘ಅಮ್ಮಾ, ನೀರು ಎಷ್ಟು ಹೊತ್ತಿಗೆ ಬಿಟ್ಟರೆ ಅನುಕೂಲ?’ ಎಂದು ಕೇಳುವುದಕ್ಕೆ ಯಾವ ಅನುದಾನ ಬಿಡುಗಡೆಯಾಗಬೇಕಿತ್ತು? ಕೇಳಲಿಲ್ಲ. ಮುಂದಿನ ಯೋಜನೆಯಲ್ಲೂ ಕೇಳುವುದಿಲ್ಲ. ಇದನ್ನು ಬರೆದು ಬರೆದು ನನಗೂ ಸಾಕಾಗಿದೆ.

ಅಂದ ಹಾಗೆ, ಆ ಊರಿನ ಒಂದು ಮನೆಯೆದುರು ನಲ್ಲಿಯ ಸಿಮೆಂಟ್ ಕಂಬಕ್ಕೆ ಮೇಕೆ ಕಟ್ಟಿದ್ದರು. ಅದರ ಮುಂದೆ ಬಕೆಟ್ ತುಂಬ ನೀರಿತ್ತು. ಟ್ಯಾಂಕರಿನದು.