ಎರಡು ಮಾರ್ಚ್ 17ರ ನಡುವೆ ಕಾರ್ಲೆಸ್ ಕ್ವಾಡ್ರಾಟ್

ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಅಭಿಮಾನಿಗಳ ನಡುವೆ ಹಿಂದಿನ ಕೋಚ್ ಆಲ್ಬರ್ಟ್ ರೋಕಾ ಅವರ ಹೆಸರು ಬಂದರೆ ಎಲ್ಲರ ಮುಖವೂ ಅರಳುತ್ತದೆ. ಅವರ ಜಾಗಕ್ಕೆ ಬಂದು ಮೊದಲ ವರ್ಷವೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ರಶಸ್ತಿ ಗೆದ್ದುಕೊಟ್ಟ ಕಾರ್ಲೆಸ್ ಕ್ವಾಡ್ರಾಟ್ ಅವರ ಹೆಸರಿಗೆ ಮಾತ್ರ ‘ಗೆದ್ದರು ನಿಜ, ಆಟ ಸಪ್ಪೆಯಾಗಿತ್ತು’ ಎಂಬ ಮಾತು ಅಂಟಿಕೊಂಡೇ ಬರುತ್ತದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

1968ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಕ್ವಾಡ್ರಾಟ್, ಅದೇ ಊರಿನ ಪ್ರಸಿದ್ಧ ಕ್ಲಬ್ಬಿನ ಯುವ ಅಕಾಡೆಮಿಯಲ್ಲಿ ಪಳಗಿದ ಡಿಫೆಂಡರ್. ಆಟಗಾರನಾಗಿ ದೊಡ್ಡ ಹೆಸರೇನೂ ಬರಲಿಲ್ಲ. ಟರ್ಕಿಯ ಗಲಾಟಸರಾಯ್ ಕ್ಲಬ್ಬಿನಲ್ಲಿ ಕೋಚ್ ಫ್ರಾಂಕ್ ರೈಕಾರ್ಡ್ ಅವರ ಬಳಗದಲ್ಲಿ, ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡದಲ್ಲಿ ರೋಕಾ ಅವರ ಜೊತೆಯಲ್ಲಿ ಕೆಲಸ ಮಾಡಿ, 2016ರಲ್ಲಿ ಅವರೊಂದಿಗೇ ಬೆಂಗಳೂರಿಗೆ ಬಂದರು. ಆ ವರ್ಷವೇ ತಂಡವು ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಎರಡು ಫೈನಲ್‌ಗಳ ಬಗ್ಗೆ. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ವಿರುದ್ಧ ಸುನಿಲ್ ಛೆಟ್ರಿ ಒಂಬತ್ತನೆಯ ನಿಮಿಷದಲ್ಲೇ ಗೋಲು ಹೊಡೆದಾಗ, ಗ್ಯಾಲರಿಯಲ್ಲಿದ್ದ ನಮಗೆಲ್ಲ ಕಪ್ ಕೈಗೆ ಬಂದಷ್ಟೇ ಸಂಭ್ರಮ. ಆದರೆ ಚೆನ್ನೈಯಿನ್‌ನ ಬ್ರೆಜಿಲ್ ಮೂಲದ ಡಿಫೆಂಡರ್ ಮೈಲ್ಸನ್ ಆಲ್ವೆಸ್, ವಿರಾಮಕ್ಕೆ ಮೊದಲೇ ಎರಡು ಕಾರ್ನರ್‌ಗಳಿಂದ ಎರಡು ಹೆಡರ್ ಗೋಲು ಹೊಡೆದರು. ನಾವು 2–3ರಿಂದ ಸೋತೆವು. ಅಂದು ರೋಕಾ ಅವರ ಸಹಾಯಕರಾಗಿದ್ದ ಕ್ವಾಡ್ರಾಟ್, ಇಡೀ ಋತುವಿನ ಶ್ರಮ ಎರಡು ಕಾರ್ನರ್‌ಗಳಲ್ಲಿ ಸೋರಿಹೋದದ್ದನ್ನು ಕಣ್ಣಾರೆ ಕಂಡಿದ್ದರು.

ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರು ಮತ್ತೆ ಫೈನಲ್. ಗೋವಾ ಆ ಲೀಗಿನಲ್ಲೇ ಅತ್ಯಂತ ಆಕ್ರಮಣಕಾರಿ ತಂಡ. ಅದನ್ನು 90 ನಿಮಿಷ ಗೋಲಿಲ್ಲದೆ ಕಟ್ಟಿಹಾಕಿದ್ದೇ ಸಣ್ಣ ಮಾತಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೆ, 117ನೆಯ ನಿಮಿಷದಲ್ಲಿ, ನಮ್ಮ ದಿಮಾಸ್ ದೆಲ್ಗಾಡೊ ಕಾರ್ನರ್ ತೆಗೆದರು, ರಾಹುಲ್ ಭೆಕೆ ತಲೆಯಿಂದ ಚೆಂಡನ್ನು ಬಲೆಗೆ ದಾಟಿಸಿದರು. ಕಾರ್ನರ್‌ನಲ್ಲಿ ಕಳೆದುಕೊಂಡದ್ದು ಕಾರ್ನರ್‌ನಲ್ಲೇ ಮರಳಿ ಬಂದಿತ್ತು, ಅದೂ ಒಬ್ಬ ಡಿಫೆಂಡರ್‌ನಿಂದ. ಇದನ್ನು ಬರಿಯ ಅದೃಷ್ಟವೆಂದು ನಾನು ತಿಳಿಯುವುದಿಲ್ಲ. ಚೆಂಡು ನಿಂತಾಗ ಯಾರು ಎಲ್ಲಿರಬೇಕು, ಯಾರು ಯಾರನ್ನು ತಡೆಯಬೇಕು ಎಂಬುದನ್ನು ಡಿಫೆಂಡರ್‌ನ ಕಣ್ಣಿನಿಂದ ನೋಡಿ ತಂಡ ಕಟ್ಟಿದವರ ಗೆಲುವು ಅದು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಐಎಸ್‌ಎಲ್ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಮರುವರ್ಷ ಸ್ಟ್ರೈಕರ್ ಮಿಕು ತಂಡದಲ್ಲಿ ಇರಲಿಲ್ಲ, ಗೋಲುಗಳು ಕಡಿಮೆಯಾದವು. 18 ಲೀಗ್ ಪಂದ್ಯಗಳಲ್ಲಿ ಹೊಡೆದದ್ದು 22, ಬಿಟ್ಟುಕೊಟ್ಟದ್ದು ಕೇವಲ 13. ಸಪ್ಪೆ ಎಂದವರು ಮೊದಲ ಅಂಕಿಯನ್ನಷ್ಟೇ ನೋಡಿದರು. ಒಳ್ಳೆಯ ಸ್ಟ್ರೈಕರ್ ಇಲ್ಲದ ತಂಡವನ್ನು ಸೆಮಿಫೈನಲ್‌ವರೆಗೆ ಹೊತ್ತೊಯ್ದದ್ದು ಆ ಎರಡನೆಯ ಅಂಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ಬೆನ್ನಲ್ಲೇ, ಕ್ಲಬ್ ಅವರನ್ನು ಬೀಳ್ಕೊಟ್ಟಿತು. ಕೋವಿಡ್ ಕಾರಣದಿಂದ ಆ ಋತುವಿನ ಪಂದ್ಯಗಳೆಲ್ಲ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯುತ್ತಿದ್ದವು. ಎದ್ದು ನಿಂತು ಚಪ್ಪಾಳೆ ತಟ್ಟುವ ಅವಕಾಶವೂ ನಮಗೆ ಸಿಗಲಿಲ್ಲ. ಆ ಬೇಸರ ನನಗೆ ಇನ್ನೂ ಇದೆ.

ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದ ಮೇಲೂ ಅವರ ಕಥೆ ಇದೇ ದಾರಿಯಲ್ಲಿ ನಡೆಯಿತು. ವರ್ಷಗಟ್ಟಲೆ ಅದೇ ಊರಿನ ಎದುರಾಳಿ ಮೋಹನ್ ಬಾಗಾನ್ ಎದುರು ಸೋಲುತ್ತಲೇ ಇದ್ದ ತಂಡಕ್ಕೆ 2023ರ ಆಗಸ್ಟ್‌ನಲ್ಲಿ ಡರ್ಬಿ ಗೆದ್ದುಕೊಟ್ಟರು. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಸೂಪರ್ ಕಪ್ ತಂದಾಗ, 12 ವರ್ಷಗಳ ರಾಷ್ಟ್ರೀಯ ಪ್ರಶಸ್ತಿಯ ಬರ ನೀಗಿತ್ತು. ಎಂಟು ತಿಂಗಳ ನಂತರ, ಹೊಸ ಲೀಗಿನ ಮೊದಲ ಮೂರು ಪಂದ್ಯ ಸೋತು, ಅವರು ರಾಜೀನಾಮೆ ಕೊಟ್ಟರು.

ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲೇ, ನಮ್ಮ ವಿರುದ್ಧವೇ. ಹದಿಹರೆಯದ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಗೆದ್ದಿತು. ನಾನೂ ಎಲ್ಲರಂತೆ ಕೂಗಿ ಸಂಭ್ರಮಿಸಿದೆ; ಆಮೇಲೆ ಬಹಳ ಹೊತ್ತು ಎದುರು ತಂಡದ ಬೆಂಚಿನ ಕಡೆಗೇ ನೋಡುತ್ತ ಕುಳಿತಿದ್ದೆ.